ಮಸ್ಟ್ಯಾಂಗ್ ಜಿಟಿ: ಬಾನೆಟ್ ಒಳಗೂ ಹೊರಗೂ ಮನೇಲೇ ಕ್ಲೀನ್ ಮಾಡಿದ್ದು, ತಗೊಂಡ ಸಾಮಾನುಗಳ ರಿವ್ಯೂ

ಮೊದ್ಲು ರಿಸಲ್ಟ್ ಹೇಳ್ಬಿಡ್ತೀನಿ, ಕಥೆ ಆಮೇಲೆ. ಕಪ್ಪು ಬಣ್ಣದ ಕಾರು, ಎಂಟು ತಿಂಗಳಿಂದ ಒಂದ್ಸಲಾನೂ ವಾಟರ್ ಸರ್ವಿಸ್‌ಗೆ ಹೋಗಿಲ್ಲ, ಇಂಜಿನ್ ಬೇ (ಬಾನೆಟ್ ಕೆಳಗೆ ಇಂಜಿನ್ ಕೂರೋ ಜಾಗ) ಆಗ್ಲಿ ಪೇಂಟ್ ಆಗ್ಲಿ ಎಲ್ಲಾ ನಮ್ಮನೆ ಪೋರ್ಟಿಕೋಲೇ ನಾನೂ ನನ್ ತಮ್ಮನೂ ಸೇರಿ ಮಾಡಿದ್ದು, ಈಗ ಮಧ್ಯಾಹ್ನ ಹನ್ನೆರಡು ಗಂಟೆ ಬಿಸಿಲಲ್ಲಿ ನಿಲ್ಸಿದ್ರೂ ಬಾನೆಟ್ ಮೇಲೆ ಜೇಡರ ಬಲೆ ತರ ಗೆರೆ ಕಾಣಲ್ಲ. ತಗೊಂಡಿದ್ರಲ್ಲಿ ಅತೀ ಹೆಚ್ಚು ಉಪಯೋಗಕ್ಕೆ ಬಂದಿದ್ದು ದೊಡ್ಡ ಮಷೀನ್ ಅಲ್ಲ, ಒಂದು ಬಾಟಲ್ ರಿನ್ಸ್‌ಲೆಸ್ ವಾಶ್ (ಒರೆಸಿದ್ಮೇಲೆ ಮತ್ತೆ ನೀರು ಹಾಕಿ ತೊಳೆಯೋದು ಬೇಡದ ದ್ರಾವಣ) ಮತ್ತೆ ಒಳ್ಳೆ ಮೈಕ್ರೋಫೈಬರ್ ಬಟ್ಟೆ. ಕಾರ್ ಕ್ಲೀನ್ ಆಗ್ಬೇಕಂದ್ರೆ ನೀರು ಜೋರಾಗಿ ಹೊಡೀಬೇಕು ಅಂತ ನಾವು ಚಿಕ್ಕೋರಿದ್ದಾಗಿಂದ ನೋಡ್ಕೊಂಡು ಬಂದಿದೀವಲ್ಲ, ಅದನ್ನ ನಾನು ಈಗ ಪೂರ್ತಿ ಬಿಟ್ಟಿದೀನಿ.

ಕಾರು 2018ರದ್ದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಫೋರ್ಡ್‌ನೋರು ಮಸ್ಟ್ಯಾಂಗ್‌ನ ಇಂಡಿಯಾಗೆ ತಂದಿದ್ದು 2016ರ ಜುಲೈನಲ್ಲಿ, ಬಲಗಡೆ ಸ್ಟೀರಿಂಗ್ ಇಟ್ಟು ಫ್ಯಾಕ್ಟರಿಯಿಂದಲೇ ಬಂದ ಮೊದಲನೇ ಪೀಳಿಗೆ ಅದು, ಒಳಗೆ 5 ಲೀಟರ್ ವಿ8, ಅಂದ್ರೆ ಎಂಟು ಸಿಲಿಂಡರ್ ಇಂಜಿನ್, ಸರಿಯಾಗಿ ಹೇಳ್ಬೇಕಂದ್ರೆ 4951 ಸಿಸಿ. ನಂಗೆ ಈ ಇಂಜಿನ್ ಮೇಲೆ ಎಷ್ಟು ಪ್ರೀತಿ ಅಂದ್ರೆ ಯಾರಾದ್ರೂ ಮನೆಗೆ ಬಂದ್ರೆ ಕಾರ್ ಬಾಗ್ಲು ತೆಗೆಯೋಕಿಂತ ಮುಂಚೆ ಬಾನೆಟ್ ಎತ್ತಿ ತೋರಿಸ್ತೀನಿ. ಹಾಗಿದ್ಮೇಲೆ ಬಾನೆಟ್ ಒಳಗೆ ಧೂಳು, ಹೊಂಗೆ ಎಲೆ, ಆಯಿಲ್ ಜಿಡ್ಡು ಇದ್ರೆ ಹೇಗೆ ಸಹಿಸ್ಕೊಳ್ಳೋದು ಹೇಳಿ.

ಮನೇಲೇ ಮಾಡೋ ಹುಚ್ಚು ಹಿಡಿದಿದ್ದು ಒಂದು ಕೆಟ್ಟ ಅನುಭವದಿಂದ. ಕಾರ್ ತಗೊಂಡ ಹೊಸದ್ರಲ್ಲಿ ರಿಂಗ್ ರೋಡ್ ಪಕ್ಕ ಒಂದು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ (ಹೆಸರು ಬೇಡ), ಇಂಜಿನ್ ಮುಟ್ಬೇಡಿ ಅಂತ ಹೇಳಿ ಟೀ ಕುಡಿಯೋಕೆ ಹೋದೆ, ವಾಪಸ್ ಬರೋಷ್ಟ್ರಲ್ಲಿ ಆ ಹುಡುಗ ಪಾಪ ಒಳ್ಳೇದಾಗ್ಲಿ ಅಂತಾನೇ ಬಾನೆಟ್ ಎತ್ತಿ ಪ್ರೆಶರ್ ಗನ್ ಹಿಡಿದು ಹೊಡೀತಾ ಇದ್ದ, ಆಮೇಲೆ ಬನಿಯನ್ ವೇಸ್ಟ್‌ನಲ್ಲಿ (ಬನಿಯನ್ ಬಟ್ಟೆ ಚೂರುಗಳು) ಬಾಡಿ ಪೂರ್ತಿ ಒರೆಸಿಕೊಟ್ಟ. ಮನೆಗೆ ಬರೋ ದಾರೀಲೇ ಗಾಡಿ ನಡುಗೋಕೆ ಶುರು, ಚೆಕ್ ಇಂಜಿನ್ ಲೈಟ್ ಮಿಣಕ್ ಮಿಣಕ್ ಅಂತಿದೆ. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿದ್ರೆ ಪಿ0304 ಅನ್ನೋ ಕೋಡ್, ಅಂದ್ರೆ ನಾಲ್ಕನೇ ಸಿಲಿಂಡರ್ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ನಮ್ ಕಡೆ ಕಾರಲ್ಲಿ ಅದು ಡ್ರೈವರ್ ಕಡೆ ಸಾಲಿನ ಕೊನೇದು, ಫೈರ್‌ವಾಲ್ (ಇಂಜಿನ್‌ಗೂ ಕಾರ್ ಒಳಗಿಗೂ ಮಧ್ಯದ ಗೋಡೆ) ಪಕ್ಕ. ಕಾಯಿಲ್ (ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡೋದು) ಎತ್ತಿ ನೋಡಿದ್ರೆ ಸ್ಪಾರ್ಕ್ ಪ್ಲಗ್ ಕೂರೋ ಗುಂಡೀಲಿ ನೀರು ನಿಂತಿದೆ.

ಈ ಇಂಜಿನ್ನಲ್ಲಿ ಎಂಟೂ ಪ್ಲಗ್‌ಗಳು ವಾಲ್ವ್ ಕವರ್ ಮೇಲಿಂದ ಕೆಳಗೆ ಇಳಿಯೋ ಆಳದ ಬಾವಿ ತರದ ಜಾಗದಲ್ಲಿವೆ, ಒಂದೊಂದ್ರ ಮೇಲೂ ಒಂದೊಂದು ಕಾಯಿಲ್ ಕೂತಿರತ್ತೆ, ಅದ್ರ ರಬ್ಬರ್ ಬೂಟು ಮೇಲಿಂದ ಬೀಳೋ ನಾಲ್ಕು ಹನಿ ತಡೆಯತ್ತೆ ಆದ್ರೆ ಪಕ್ಕದಿಂದ ನೂರು ಬಾರ್ ಪ್ರೆಶರಲ್ಲಿ ನುಗ್ಗೋ ನೀರನ್ನ ತಡೆಯಲ್ಲ, ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿ ಇಲ್ಲ, ಸ್ಪಾರ್ಕ್ ಪ್ಲಗ್‌ಗೆ ಹೋಗ್ಬೇಕಾದ ಕರೆಂಟ್ ನೀರಿನ ಮೂಲಕ ಇಂಜಿನ್ನಿನ ಲೋಹಕ್ಕೆ ಹೋಗ್ಬಿಡತ್ತೆ. ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿದ್ಮೇಲೆ ಸರಿ ಹೋಯ್ತು, ಕಾಯಿಲ್ ಉಳೀತು. 2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಕಂಪನಿ ಇಂಡಿಯಾದಲ್ಲಿ ತಯಾರಿಕೆ ನಿಲ್ಸೋದಾಗಿ ಹೇಳಿದ್ಮೇಲೆ ಪಾರ್ಟ್ಸ್ ವಿಷಯದಲ್ಲಿ ನಾನು ಒಂದು ಕ್ಲಿಪ್ ಮುರಿಯೋಕೂ ಹೆದರ್ತೀನಿ, ಅಂಥದ್ರಲ್ಲಿ ಕಾಯಿಲ್ ಹೋಗಿದ್ರೆ ಏನ್ ಕಥೆ. ಆವತ್ತು ಸಂಜೆ ಬಿಸಿಲಿಗೆ ತಿರುಗಿಸಿ ನೋಡಿದ್ರೆ ಬಾನೆಟ್ ತುಂಬಾ ಗೋಲ ಗೋಲ ಗೆರೆ. ಬನಿಯನ್ ವೇಸ್ಟ್ ಮಹಿಮೆ.

ಹಾಗಾಗಿ ಈಗ ಇಂಜಿನ್ ಬೇ ನಾವೇ ಮಾಡ್ಕೋತೀವಿ, ಆರು ತಿಂಗಳಿಗೆ ಒಂದ್ಸಲ ಸಾಕು. ಗಾಡಿ ನಿಲ್ಸಿ ಒಂದೆರಡು ಗಂಟೆ ಬಿಡ್ಬೇಕು, ಕೈ ಇಟ್ರೆ ಸುಡ್ಬಾರ್ದು. ಬಿಸಿ ಇಂಜಿನ್ ಮೇಲೆ ಕ್ಲೀನರ್ ಹಾಕಿದ್ರೆ ಅಲ್ಲೇ ಒಣಗಿ ಬಿಳಿ ಕಲೆ ಕೂತ್ಕೊಳತ್ತೆ. ಕೈಗೆ ನೈಟ್ರೈಲ್ ಗ್ಲೌಸ್, ಮುಖಕ್ಕೆ ಮಾಸ್ಕ್. ಮಾಸ್ಕ್ ಯಾಕೆ ಅಂದ್ರೆ ಇಲಿ. ಬೆಂಗಳೂರಲ್ಲಿ ಒಂದು ವಾರ ಗಾಡಿ ತೆಗೀದೇ ನಿಲ್ಸಿದ್ರೆ ಬಾನೆಟ್ ಒಳಗೆ ಇಲಿ ಸಂಸಾರ ಹೂಡತ್ತೆ, ನಾನು ಮೊದಲನೇ ಸಲ ಇಂಜಿನ್ ಕವರ್ ತೆಗೆದಾಗ ಕೆಳಗೆ ಹಿಕ್ಕೆ, ಅರ್ಧ ತಿಂದ ತೆಂಗಿನಕಾಯಿ ಚೂರು, ವೈರಿಂಗ್ ಮೇಲೆ ಸುತ್ತಿರೋ ಟೇಪ್ ಒಂದು ಕಡೆ ಕಡಿದಿತ್ತು. ಇಲಿ ಜ್ವರ ಹರಡೋದು ಇಲಿ ಮೂತ್ರದಿಂದ, ಕೈಯಲ್ಲಿ ಗಾಯ ಇದ್ರೆ ಅಲ್ಲಿಂದ ಒಳಗೆ ಹೋಗತ್ತೆ, ಹಾಗಾಗಿ ಹಿಕ್ಕೆ ಕಂಡ್ರೆ ಒಣ ಬ್ರಷ್ಷಲ್ಲಿ ಗುಡಿಸ್ಬೇಡಿ, ಬ್ಲೋಯರ್ ಅಂತೂ ಹಿಡೀಲೇಬೇಡಿ, ಮೊದ್ಲು ಡಿಸಿನ್ಫೆಕ್ಟೆಂಟ್ ಸ್ಪ್ರೇ ಮಾಡಿ ನೆನೆಸಿ, ಟಿಶ್ಯೂಲಿ ಎತ್ತಿ ಕವರಲ್ಲಿ ಕಟ್ಟಿ ಬಿಸಾಕಿ. ಈ ಕಾರಣಕ್ಕಾದ್ರೂ ಆಗಾಗ ಬಾನೆಟ್ ಎತ್ತಿ ನೋಡ್ಲೇಬೇಕು, ವೈರ್ ಕಡಿದಿರೋದು ಹೈವೇಲಿ ಗೊತ್ತಾಗೋ ಬದಲು ಮನೇಲಿ ಗೊತ್ತಾಗ್ಲಿ.

ಆಮೇಲೆ ಎಲೆ. ನಮ್ಮನೆ ಮುಂದೆ ಹೊಂಗೆ ಮರ ಇದೆ, ನೆರಳು ಚೆನ್ನಾಗಿದೆ, ಆದ್ರೆ ಅದರ ಎಲೆ ಹೂವು ಎಲ್ಲಾ ವೈಪರ್ ಕೆಳಗಿನ ಜಾಲರಿಗೆ ಬಿದ್ದು ನೀರು ಇಳಿಯೋ ತೂತು ಮುಚ್ಚತ್ತೆ, ಮಳೆ ಬಂದಾಗ ಅಲ್ಲಿ ನೀರು ತುಂಬಿದ್ರೆ ಕಾರ್ ಒಳಗೆ ಇಳಿಯತ್ತೆ. ವ್ಯಾಕ್ಯೂಮ್ ಕ್ಲೀನರ್ ಸಣ್ಣ ಮೂತಿ ಹಾಕಿ ಎಲೆ ಎಳೆದ್ವಿ, ಒಂದು ಮುಷ್ಟಿ ಅಲ್ಲ, ಅರ್ಧ ಬಕೆಟ್ ಬಂತು.

ಕ್ಲೀನರ್‌ಗೆ ನಾನು ತಗೊಂಡಿದ್ದು ಮೆಗ್ವಯರ್ಸ್ ಡಿ101 ಆಲ್ ಪರ್ಪಸ್ ಕ್ಲೀನರ್, ಒಂದು ಪಾಲಿಗೆ ಹತ್ತು ಪಾಲು ನೀರು, ಜಿಡ್ಡು ಗಟ್ಟಿ ಇರೋ ಕಡೆ ಮಾತ್ರ ಒಂದಕ್ಕೆ ನಾಲ್ಕು. ಕ್ಯಾನ್ ದೊಡ್ಡದು, ಬೆಲೆ ನೋಡಿದ್ರೆ ಯೋಚನೆ ಬರತ್ತೆ, ಆದ್ರೆ ಬೆರೆಸಿ ಹಾಕೋದ್ರಿಂದ ನಂಗೆ ಇನ್ನೆರಡು ವರ್ಷ ಬರತ್ತೆ, ಟೈರಿಗೂ ಅದೇ, ಡೋರ್ ಸಂದಿಗೂ ಅದೇ. ಶುರು ಮಾಡೋ ಮುಂಚೆ ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್, ಬ್ರೇಕ್ ಫ್ಲೂಯಿಡ್ ಮುಚ್ಚಳ ಎಲ್ಲಾ ಗಟ್ಟಿ ಇದ್ಯಾ ನೋಡಿ, ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಬ್ಯಾಟರಿ, ಗಾಳಿ ಎಳೆಯೋ ಬಾಯಿ, ಕಾಯಿಲ್‌ಗಳ ಸಾಲು, ಇಷ್ಟಕ್ಕೂ ಪ್ಲಾಸ್ಟಿಕ್ ಕವರ್ ಕಟ್ಟಿ. ಕ್ಲೀನರ್‌ನ ನೇರ ಇಂಜಿನ್ ಮೇಲೆ ಸ್ಪ್ರೇ ಮಾಡೋ ಬದಲು ಬ್ರಷ್ ಮೇಲೆ ಇಲ್ಲಾ ಬಟ್ಟೆ ಮೇಲೆ ಸ್ಪ್ರೇ ಮಾಡಿ ಉಜ್ಜಿದ್ರೆ ಸಾಕು, ನಾನು ಹಾರ್ಡ್‌ವೇರ್ ಅಂಗಡೀಲಿ ಸಿಗೋ ಒಂದಿಂಚು ಪೇಂಟ್ ಬ್ರಷ್ ತಂದು ಅದರ ತಗಡಿನ ಭಾಗಕ್ಕೆ ಇನ್ಸುಲೇಷನ್ ಟೇಪ್ ಸುತ್ತಿದೆ, ಇಲ್ದಿದ್ರೆ ತಗಡು ಪೇಂಟಿಗೆ ತಾಗಿ ಗೀಚತ್ತೆ. ಸಂದಿಗೊಂದಿಗೆ ಹಳೇ ಟೂತ್ ಬ್ರಷ್. ಕೊಳೆ ಎದ್ಮೇಲೆ ಒದ್ದೆ ಮೈಕ್ರೋಫೈಬರಲ್ಲಿ ಎರಡು ಸಲ ಒರೆಸೋದು, ನೀರಿನ ಪೈಪ್ ಹಿಡಿಯೋದೇ ಇಲ್ಲ. ಇಡೀ ಇಂಜಿನ್ ಬೇಗೆ ಒಂದು ಬಕೆಟ್ ನೀರೂ ಖರ್ಚಾಗಲ್ಲ, ಟೈಮ್ ಮಾತ್ರ ಮೂರು ಗಂಟೆ ಹಿಡಿಯತ್ತೆ. ಮುಗಿದ್ಮೇಲೆ ಬ್ಲೋಯರ್‌ನಲ್ಲಿ ಕನೆಕ್ಟರ್‌ಗಳ ಹತ್ರ ಗಾಳಿ ಹೊಡೆದು, ಕವರ್‌ಗಳೆಲ್ಲಾ ಬಿಚ್ಚಿದೀವಿ ಅಂತ ಎರಡೆರಡು ಸಲ ನೋಡಿ (ಗಾಳಿ ಬಾಯಿಗೆ ಕಟ್ಟಿದ್ದು ಮರೆತ್ರೆ ದೊಡ್ಡ ತೊಂದ್ರೆ), ಬಾನೆಟ್ ಎತ್ತಿಟ್ಟೇ ಇಂಜಿನ್ ಆನ್ ಮಾಡಿ ಹದಿನೈದು ನಿಮಿಷ ಐಡಲ್‌ನಲ್ಲಿ ಬಿಟ್ವಿ.

ಕೊನೇಲಿ ಪ್ಲಾಸ್ಟಿಕ್ ರಬ್ಬರ್‌ಗೆ 303 ಏರೋಸ್ಪೇಸ್ ಪ್ರೊಟೆಕ್ಟೆಂಟ್ ಹಚ್ಚಿದೆ. ಇದು ವಾಟರ್ ಬೇಸ್ಡ್, ಹಚ್ಚಿ ಒರೆಸಿದ್ರೆ ಹೊಳಪು ಬರಲ್ಲ, ಹೊಸ ಪ್ಲಾಸ್ಟಿಕ್ ಹೇಗಿರತ್ತೋ ಹಾಗೆ ಕಪ್ಪಗೆ ಕಾಣತ್ತೆ, ನಂಗೆ ಬೇಕಿದ್ದಿದ್ದು ಅದೇ. ಇದಕ್ಕೂ ಮುಂಚೆ ಇನ್ನೊಂದು ಅಗ್ಗದ ಡ್ರೆಸ್ಸಿಂಗ್ (ಪ್ಲಾಸ್ಟಿಕ್ ರಬ್ಬರ್‌ಗೆ ಹಚ್ಚೋ ಇಂಥದ್ದೇ ದ್ರಾವಣ) ಹಾಕಿದ್ದೆ, ಮೊದಲನೇ ದಿನ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚ್ತು, ಒಂದು ವಾರದಲ್ಲಿ ಕನಕಪುರ ರೋಡ್ ಧೂಳೆಲ್ಲಾ ಬಂದು ಅದಕ್ಕೇ ಅಂಟ್ಕೊಂಡಿತ್ತು, ಅದನ್ನ ತೆಗೆಯೋಕೆ ಇನ್ನೊಂದು ಭಾನುವಾರ ಹೋಯ್ತು. ಯಾವ ಡ್ರೆಸ್ಸಿಂಗ್ ಆದ್ರೂ ಬೆಲ್ಟ್, ಪುಲ್ಲಿ ಮೇಲೆ ಬೀಳದ ಹಾಗೆ ನೋಡ್ಕೊಳಿ. ಮತ್ತೆ ದಯವಿಟ್ಟು ಡೀಸೆಲ್ ಸ್ಪ್ರೇ ಹೊಡೆಸ್ಬೇಡಿ, ನಮ್ಮೂರ್ ಕಡೆ ಲಾರಿ ಟ್ರ್ಯಾಕ್ಟರ್‌ಗೆ ಮಾಡ್ತಾರಲ್ಲ ಅಂತ ಕಾರಿಗೂ ಮಾಡಿಸೋರು ಇದಾರೆ, ಹೊಳೆಯತ್ತೆ ನಿಜ, ಆದ್ರೆ ಡೀಸೆಲ್ ರಬ್ಬರ್ ಹೋಸ್‌ಗಳನ್ನ ಉಬ್ಬಿಸಿ ಮೆತ್ತಗೆ ಮಾಡತ್ತೆ.

ಈಗ ಪೇಂಟ್ ವಿಷಯ, ಇದ್ರಲ್ಲಿ ಹೇಳೋದು ತುಂಬಾ ಇದೆ.

2024ರ ಮಾರ್ಚ್ ನೆನಪಿರ್ಬೇಕಲ್ಲ, ಬೋರ್‌ವೆಲ್‌ಗಳೆಲ್ಲಾ ಬತ್ತಿ ಊರೇ ಟ್ಯಾಂಕರ್ ಹಿಂದೆ ಓಡ್ತಿದ್ದಾಗ ಜಲಮಂಡಳಿಯೋರು ಕುಡಿಯೋ ನೀರಲ್ಲಿ ವಾಹನ ತೊಳೆದ್ರೆ 5000 ರೂಪಾಯಿ ದಂಡ ಅಂತ ಆದೇಶ ಹಾಕಿದ್ರು. ಅಮ್ಮ ಆವತ್ತೇ ಹೇಳಿದ್ರು, 'ಅಕ್ಕಪಕ್ಕದೋರು ಕೊಡ ಹಿಡ್ಕೊಂಡು ನಿಂತಿರೋವಾಗ ನಮ್ಮನೆ ಮುಂದೆ ಕಾರಿಗೆ ನೀರು ಹಾಕೋದು ನಂಗೆ ಸರಿ ಕಾಣಲ್ಲ ಕಣೋ' ಅಂತ. ಸರಿ ಅನ್ನಿಸ್ತು. ಬೋರ್ ನೀರಲ್ಲಿ ತೊಳೆಯೋಣ ಅಂದ್ರೆ ನಮ್ಮ ಏರಿಯಾದ್ದು ಸಿಕ್ಕಾಪಟ್ಟೆ ಗಡಸು ನೀರು, ಕಪ್ಪು ಪೇಂಟ್ ಮೇಲೆ ಒಣಗಿದ್ರೆ ಸುಣ್ಣದ ಚುಕ್ಕೆ ಚುಕ್ಕೆ, ಬಿಸಿಲಿಗೆ ಅದು ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಒಳಗೆ ಕಚ್ಕೊಳತ್ತೆ. ಆವಾಗ ಶುರು ಮಾಡಿದ್ದು ರಿನ್ಸ್‌ಲೆಸ್ ವಾಶ್.

ನಾನು ಬಳಸೋದು ಆಪ್ಟಿಮಮ್ ನೋ ರಿನ್ಸ್, ಕಾರ್ ಹುಚ್ಚಿರೋರೆಲ್ಲಾ ಓಎನ್‌ಆರ್ ಅಂತಾರೆ. ಲೆಕ್ಕ ಹೇಳ್ತೀನಿ ಕೇಳಿ, ಒಂದು ಪಾಲಿಗೆ 256 ಪಾಲು ನೀರು, ಅಂದ್ರೆ ಆರು ಲೀಟರ್ ನೀರಿಗೆ ಸುಮಾರು 24 ಎಂಎಲ್, 946 ಎಂಎಲ್ ಬಾಟಲಿಗೆ ಹತ್ತತ್ರ ನಲವತ್ತು ವಾಶ್ ಬರತ್ತೆ. ಪೈಪಲ್ಲಿ ತೊಳೆದು ಮತ್ತೆ ನೀರು ಹಾಕಿ ಜಾಲಿಸೋ ಕೆಲಸಾನೇ ಇಲ್ಲ, ಅದ್ರಲ್ಲಿರೋ ಪಾಲಿಮರ್ ಧೂಳಿನ ಕಣ ಸುತ್ಕೊಂಡು ಪೇಂಟಿಂದ ಎತ್ತತ್ತೆ, ನೊರೆ ಬರಲ್ಲ, ನೊರೆ ಇಲ್ವಲ್ಲ ಅಂತ ಮೊದಲನೇ ಸಲ ನಂಬಿಕೆ ಬರಲ್ಲ. ನಾನು ಹತ್ತು ಬಟ್ಟೆ ಒಂದೇ ಬಕೆಟಲ್ಲಿ ನೆನೆಸಿಡ್ತೀನಿ, ಒಂದು ಪ್ಯಾನೆಲ್‌ಗೆ ಮೊದ್ಲು ಅದೇ ದ್ರಾವಣ ಸ್ಪ್ರೇ ಮಾಡಿ ಒಂದು ನಿಮಿಷ ನೆನೆಯೋಕೆ ಬಿಡ್ತೀನಿ, ಆಮೇಲೆ ಬಟ್ಟೆ ನಾಲ್ಕು ಮಡಿಕೆ ಮಾಡಿ ಒಂದೊಂದು ಮಗ್ಗುಲಲ್ಲಿ ಒಂದೇ ಒಂದು ಸಲ, ನೇರವಾಗಿ, ಒತ್ತದೇ ಎಳೀತೀನಿ, ಗೋಲಾಕಾರ ತಿರುಗಿಸೋದಿಲ್ಲ, ಕೊಳೆಯಾದ ಬಟ್ಟೆ ವಾಪಸ್ ಬಕೆಟ್‌ಗೆ ಹೋಗಲ್ಲ. ಹಿಂದೆನೇ ತಮ್ಮ ದಪ್ಪ ಡ್ರೈಯಿಂಗ್ ಟವೆಲ್ ಹಾಸಿ ಒಣಗಿಸ್ತಾನೆ. ನಲವತ್ತೈದು ನಿಮಿಷ, ಆರು ಲೀಟರ್ ನೀರು, ಮನೆ ಮುಂದಿನ ರಂಗೋಲಿ ಕೂಡ ಅಳಿಸಲ್ಲ.

ಹಾಗಂತ ಎಲ್ಲಾ ಟೈಮಲ್ಲೂ ಆಗತ್ತಾ ಅಂದ್ರೆ ಇಲ್ಲ. ಮಳೆಗಾಲದಲ್ಲಿ ಸಕಲೇಶಪುರ ಕಡೆ ಹೋಗಿ ಬಂದಾಗ ಕೆಂಪು ಮಣ್ಣು ಹೆಪ್ಪುಗಟ್ಟಿ ಕೂತಿರತ್ತೆ, ಅದ್ರ ಮೇಲೆ ಬಟ್ಟೆ ಹಾಕೋದಂದ್ರೆ ಉಪ್ಪಿನ ಕಾಗದ ಉಜ್ಜಿದ ಹಾಗೆ. ಅಂಥ ದಿನಕ್ಕೆ ಕಾರ್ಚರ್ ಕೆ2 ಪ್ರೆಶರ್ ವಾಷರ್ ಇದೆ, ಪೆಟ್ಟಿಗೆ ಮೇಲೆ 110 ಬಾರ್, ಗಂಟೆಗೆ 360 ಲೀಟರ್ ಅಂತ ಬರೆದಿದೆ, ಅಂದ್ರೆ ನಿಮಿಷಕ್ಕೆ ಆರು ಲೀಟರ್, ನಾನು ಐದೇ ನಿಮಿಷ ಚಕ್ರದ ಕಮಾನು ಮತ್ತೆ ಕೆಳಭಾಗಕ್ಕೆ ಹೊಡೆದು ಮಣ್ಣು ಬೀಳಿಸಿ ಆಫ್ ಮಾಡ್ತೀನಿ, ಅದೂ ಟೆರೇಸಲ್ಲಿ ಹಿಡಿದ ಮಳೆ ನೀರಿನ ಡ್ರಮ್‌ಗೆ ಪೈಪ್ ಹಾಕಿ. ಮಷೀನ್ ಚೆನ್ನಾಗಿದೆ, ಮನೆಗೆ ಅದಕ್ಕಿಂತ ದೊಡ್ಡದು ಬೇಡ. ಇಂಜಿನ್ ಹತ್ರ ಅದನ್ನ ತರಲ್ಲ ಅಂತ ಮತ್ತೆ ಹೇಳೋ ಅಗತ್ಯ ಇಲ್ಲ ಅನ್ಕೋತೀನಿ.

ಹಕ್ಕಿ ಹಿಕ್ಕೆ ಬಿದ್ರೆ ಮಾತ್ರ ಭಾನುವಾರದ ತನಕ ಕಾಯ್ಬೇಡಿ, ಆವತ್ತೇ ಒದ್ದೆ ಟಿಶ್ಯೂ ಹಾಸಿ ಐದು ನಿಮಿಷ ಬಿಟ್ಟು ಎತ್ತಿ, ಉಜ್ಜೋದಲ್ಲ. ಏಪ್ರಿಲ್ ಬಿಸಿಲಿಗೆ ಕಪ್ಪು ಬಾನೆಟ್ ಮೇಲೆ ಒಂದೇ ದಿನದಲ್ಲಿ ಅಚ್ಚು ಬೀಳತ್ತೆ. ಹಳೇ ನೀರಿನ ಚುಕ್ಕೆಗೆ ಬಿಳಿ ವಿನೆಗರ್‌ಗೆ ಸಮ ಸಮ ಡಿಸ್ಟಿಲ್ಡ್ ವಾಟರ್ (ಬ್ಯಾಟರಿಗೆ ಹಾಕೋದು, ಪೆಟ್ರೋಲ್ ಬಂಕ್‌ಲಿ ಸಿಗತ್ತೆ) ಬೆರೆಸಿ ಒರೆಸಿ ತಕ್ಷಣ ತೊಳೆದೆ, ಮುಕ್ಕಾಲು ಭಾಗ ಹೋಯ್ತು, ಉಳಿದಿದ್ದು ಪಾಲಿಶ್‌ಗೆ.

ಪಾಲಿಶ್‌ಗೆ ಮುಂಚೆ ಐರನ್ ರಿಮೂವರ್ ಮತ್ತೆ ಕ್ಲೇ (ಪೇಂಟಿಗೆ ಅಂಟಿರೋ ಕಣಗಳನ್ನ ಉಜ್ಜಿ ಎತ್ತೋ ಮೆತ್ತಗಿನ ಜೇಡಿ ಮುದ್ದೆ). ಐರನ್ ರಿಮೂವರ್ ಕೊಳೆತ ಮೊಟ್ಟೆ ವಾಸನೆ, ಆದ್ರೆ ವೀಲ್‌ಗೆ ಹೊಡೆದ ಎರಡು ನಿಮಿಷಕ್ಕೆ ಬ್ರೇಕ್ ಪುಡಿಯ ಕಬ್ಬಿಣ ಎಲ್ಲಾ ನೇರಳೆ ಬಣ್ಣ ಆಗಿ ಇಳಿಯೋದು ನೋಡೋಕೆ ಖುಷಿ, ಒಣಗೋಕೆ ಬಿಡದೆ ತೊಳೀಬೇಕು. ಕ್ಲೇ ಬೇಕೋ ಬೇಡ್ವೋ ತಿಳ್ಕೊಳೋಕೆ ತೆಳ್ಳಗಿನ ಪ್ಲಾಸ್ಟಿಕ್ ಕವರ್ ಕೈಗೆ ಹಾಕ್ಕೊಂಡು ತೊಳೆದ ಬಾನೆಟ್ ಮೇಲೆ ಬೆರಳಾಡಿಸಿ, ರವೆ ತರ ತಾಗಿದ್ರೆ ಬೇಕು. ಕ್ಲೇ ಜಾರೋಕೆ ಅದೇ ಓಎನ್‌ಆರ್, ಒಂದು ಲೀಟರ್‌ಗೆ 15 ಎಂಎಲ್. ಕ್ಲೇ ಮಾಡಿದ್ಮೇಲೆ ಕಪ್ಪು ಕಾರಲ್ಲಿ ಸಣ್ಣ ಮಬ್ಬು ಬರೋದು ಸಹಜ, ಗಾಬರಿ ಬೇಡ.

ಡಿಎ (ಡ್ಯುಯಲ್ ಆಕ್ಷನ್) ಪಾಲಿಶರ್ ಮಷೀನ್ ಬಗ್ಗೆ ನಂಗೆ ಭಯ ಇತ್ತು. ಕ್ಲಿಯರ್ ಕೋಟ್ ಅನ್ನೋದು ನಲವತ್ತು ಐವತ್ತು ಮೈಕ್ರಾನ್ ಅಷ್ಟೇ, ನಮ್ಮ ತಲೆಕೂದಲಿಗಿಂತ ತೆಳು, ಅದನ್ನ ತೂತು ಮಾಡಿದ್ರೆ ರೀಪೇಂಟೇ ಗತಿ. ಅದಕ್ಕೇ ಪೇಂಟಿನ ಎಲ್ಲಾ ಪದರಗಳ ಒಟ್ಟು ದಪ್ಪ ಅಳೆಯೋ ಗೇಜ್ ತಗೊಂಡೆ, ಇಲ್ಲೊಂದು ಮುಖ್ಯ ವಿಷಯ, ಈ ಮಸ್ಟ್ಯಾಂಗ್‌ನ ಬಾನೆಟ್ ಮತ್ತೆ ಮುಂದಿನ ಫೆಂಡರ್‌ಗಳು ಅಲ್ಯೂಮಿನಿಯಂ, ಮ್ಯಾಗ್ನೆಟ್ ಹಿಡಿಯಲ್ಲ, ಸ್ಟೀಲ್ ಮಾತ್ರ ಅಳೆಯೋ ಅಗ್ಗದ ಗೇಜ್ ಅಲ್ಲಿ ಏನೂ ತೋರಿಸಲ್ಲ. ನಾನು ಮೊದ್ಲು ತಂದಿದ್ದು ಅಂಥದ್ದೇ, ಬದಲಾಯಿಸ್ಬೇಕಾಯ್ತು. ತಗೋಳೋ ಮುಂಚೆ ಸ್ಟೀಲ್, ಅಲ್ಯೂಮಿನಿಯಂ ಎರಡರ ಮೇಲೂ ಅಳೆಯತ್ತಾ ಕೇಳಿ. ನಮ್ಮ ಕಾರಲ್ಲಿ ಎಲ್ಲಾ ಕಡೆ ನೂರರಿಂದ ನೂರಿಪ್ಪತ್ತೈದು ಮೈಕ್ರಾನ್ ಒಳಗೆ ಬಂತು, ಅಂದ್ರೆ ಯಾರೂ ಪೇಂಟ್ ಮಾಡ್ಸಿಲ್ಲ, ಅದೊಂದು ನೆಮ್ಮದಿ.

ಡಿಎ ಅಂದ್ರೆ ಪ್ಯಾಡ್ ತಿರುಗ್ತಾನೂ ಇರತ್ತೆ ಅಲ್ಲಾಡ್ತಾನೂ ಇರತ್ತೆ, ಹಾಗಾಗಿ ರೋಟರಿ (ಬರೀ ತಿರುಗೋ ಪಾಲಿಶರ್) ತರ ಒಂದೇ ಜಾಗದಲ್ಲಿ ಬಿಸಿ ಏರಲ್ಲ, ಹೊಸಬರಿಗೆ ಇದೇ ಸರಿ. ಮೆಗ್ವಯರ್ಸ್ ಎಂ205 ಪಾಲಿಶ್, ಮೆತ್ತಗಿನ ಪ್ಯಾಡ್, ಬಾನೆಟ್ ಮೂಲೇಲಿ ಒಂದಡಿ ಜಾಗದಲ್ಲಿ ಮೊದ್ಲು ಟೆಸ್ಟ್. ಗೆರೆ ಎಂಬತ್ತು ಪರ್ಸೆಂಟ್ ಹೋಯ್ತು, ಅದಕ್ಕಿಂತ ಜೋರಾಗಿ ಸವೆಸೋ ಕಾಂಪೌಂಡ್‌ಗೆ ಹೋಗೋದು ಬೇಡ ಅಂತ ಇಬ್ರೂ ತೀರ್ಮಾನ ಮಾಡಿದ್ವಿ, ಉಳಿದ ಇಪ್ಪತ್ತು ಪರ್ಸೆಂಟ್‌ಗೋಸ್ಕರ ಕ್ಲಿಯರ್ ಕೋಟ್ ಕಳ್ಕೊಳೋದು ಯಾಕೆ. ಅಂಚುಗಳಿಗೆ, ಬಾನೆಟ್ ಮೇಲಿನ ಉಬ್ಬು ಗೆರೆಗಳಿಗೆ ಮಾಸ್ಕಿಂಗ್ ಟೇಪ್ ಹಾಕಿದ್ವಿ, ಅಲ್ಲೇ ಪೇಂಟ್ ತೆಳು ಇರೋದು. ಎರಡು ಭಾನುವಾರ, ಭುಜ ನೋವು, ಆದ್ರೆ ಡೋರಲ್ಲಿ ನಮ್ಮನೆ ಗೇಟಿನ ಕಂಬಿ ಒಂದೊಂದೂ ನೆಟ್ಟಗೆ ಕಾಣೋಕೆ ಶುರು ಆದಾಗ ತಮ್ಮ 'ಅಣ್ಣಾ, ಇಲ್ಲಿ ಬಂದು ನೋಡು' ಅಂತ ಕೂಗಿದ ನೋಡಿ, ಆ ಖುಷಿ ಯಾವ ಅಂಗಡಿಗೆ ಕೊಟ್ಟಿದ್ರೂ ಸಿಗ್ತಿರ್ಲಿಲ್ಲ.

ಮೇಲೆ ಟರ್ಟಲ್ ವ್ಯಾಕ್ಸ್ ಹೈಬ್ರಿಡ್ ಸಲ್ಯೂಷನ್ಸ್ ಸೆರಾಮಿಕ್ ಸ್ಪ್ರೇ. ಸ್ವಲ್ಪಾನೇ ಹಾಕಿ ಬೇಗ ಒರೆಸ್ಬೇಕು, ನಾಲ್ಕು ತಿಂಗಳಾದ್ಮೇಲೂ ಮಳೆ ಹನಿ ಕೆಸುವಿನೆಲೆ ಮೇಲೆ ನಿಂತ ಹಾಗೆ ಉರುಳ್ತಾ ಇತ್ತು. ಸೆರಾಮಿಕ್ ಕೋಟಿಂಗ್‌ಗೆ ಅಂಗಡೀಲಿ ನಲವತ್ತೈದು ಸಾವಿರ ಕೇಳಿದ್ರು, ನಂಗೆ ಎಲ್ಲಾ ಸಾಮಾನು ಮಷೀನ್ ಸೇರಿ ಮೂವತ್ತರ ಒಳಗೆ ಆಯ್ತು, ಅದ್ರಲ್ಲಿ ಮಷೀನ್‌ಗಳು ವರ್ಷಗಟ್ಟಲೆ ಇರತ್ತೆ. ಟೈಮ್ ಇಲ್ಲದೋರು, ಬೆನ್ನು ನೋವಿರೋರು ಅಂಗಡಿಗೇ ಕೊಡಿ, ಆದ್ರೆ ಕೊಡೋ ಮುಂಚೆ ಅಲ್ಲಿ ಯಾವ ಬಟ್ಟೇಲಿ ಒರೆಸ್ತಾರೆ, ಬಕೆಟ್ ನೀರು ಎಷ್ಟು ಕಾರಿಗೊಮ್ಮೆ ಬದಲಾಯಿಸ್ತಾರೆ ಅಂತ ನಿಂತು ನೋಡಿ. ದುಡ್ಡು ಕಮ್ಮಿ ಇದ್ರೆ ಮೊದ್ಲು ರಿನ್ಸ್‌ಲೆಸ್ ಬಾಟಲ್ ಮತ್ತೆ ಬಟ್ಟೆ, ಪಾಲಿಶರ್ ಒಂದು ವರ್ಷ ಆದ್ಮೇಲೆ. ಬಟ್ಟೆ ವಾಶಿಂಗ್ ಮಷೀನ್‌ಗೆ ಹಾಕೋವಾಗ ಬೇರೆ ಬಟ್ಟೆ ಜೊತೆ ಬೇಡ, ಕಂಫರ್ಟ್ ತರದ್ದು ಹಾಕ್ಬೇಡಿ, ಎಳೆ ಮುಚ್ಚಿ ನೀರು ಹೀರಲ್ಲ. ನೆಲಕ್ಕೆ ಬಿದ್ದ ಬಟ್ಟೆ ಆವತ್ತು ಮತ್ತೆ ಪೇಂಟಿಗೆ ಮುಟ್ಟಿಸ್ಬೇಡಿ.

ಈ ಸಲ ಆಯುಧ ಪೂಜೆಗೆ ಅಮ್ಮನ ಹತ್ರ ಒಂದೇ ಒಂದು ಕೇಳ್ಕೊಂಡೆ, ಹಾರ ಕಟ್ಟೋಕೆ ತಂತಿ ಬೇಡ, ನೂಲಲ್ಲೇ ಕಟ್ಟೋಣ ಅಂತ, ಹೋದ ಸಲ ತಂತಿ ಗ್ರಿಲ್ ಪಕ್ಕ ಗೀಚಿತ್ತು. ವಿಭೂತಿ ಗಂಧ ಅರಿಶಿನ ಕುಂಕುಮ ಎಲ್ಲಾ ಎಂದಿನ ಹಾಗೇ ಬಾನೆಟ್ ಮೇಲೆ ಇಟ್ರು, ಬಾನೆಟ್ ಎತ್ತಿ ಇಂಜಿನ್‌ಗೂ ಒಂದು ಬೊಟ್ಟು ಇಟ್ಟು ಹೂವು ಮುಡಿಸಿದ್ರು, ಅಷ್ಟು ಚೊಕ್ಕ ಇತ್ತು ಒಳಗೆ. ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ತಗೊಂಡು, ಒಂದು ಸುತ್ತು ಹೋಗಿ ಬಂದು, ಸಂಜೆಗೇ ಒದ್ದೆ ಬಟ್ಟೆ ಹಾಸಿ ಕುಂಕುಮ ಎತ್ತಿದೆ, ಒಣ ಕೈಯಲ್ಲಿ ಉಜ್ಜಿದ್ರೆ ಅದೂ ಪುಡಿಯಲ್ವಾ, ಗೀಚತ್ತೆ. ಮೇಲೆ ಆ ಸೆರಾಮಿಕ್ ಸ್ಪ್ರೇ ಪದರ ಇದ್ದಿದ್ರಿಂದ ಕಲೆ ಉಳೀಲಿಲ್ಲ. ಹಿಂದಿನ ವರ್ಷದ ಅರಿಶಿನದ ಕಲೆ ನಂಬರ್ ಪ್ಲೇಟ್ ಮೇಲೆ ಇತ್ತು, ಅದಕ್ಕೆ ಏನೂ ಹಾಕಿರ್ಲಿಲ್ಲ, ನಾಲ್ಕೈದು ದಿನ ಬಿಸಿಲಿಗೆ ತಾನಾಗೇ ಹೋಗಿತ್ತು, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲಲ್ಲ, ಹಾಗಾಗಿ ಅದಕ್ಕೆ ಕೆಮಿಕಲ್ ಹಾಕಿ ತಿಕ್ಕೋಕೆ ಹೋಗ್ಬೇಡಿ.

ಓಎನ್‌ಆರ್ ಬಾಟಲ್ ಇನ್ನೂ ಅರ್ಧದ ಹತ್ರ ಇದೆ. ಮುಂದಿನ ಸಲ ಬಾನೆಟ್ ಎತ್ತೋದು ಹೊಂಗೆ ಎಲೆ ಉದುರಿ ಮುಗಿದ್ಮೇಲೆ, ಅಷ್ಟರಲ್ಲಿ ವೈಪರ್ ಕೆಳಗಿನ ಜಾಲರಿಗೆ ಸರಿಯಾಗಿ ಕೂರೋ ಸ್ಟೀಲ್ ಮೆಶ್ ಒಂದು ಕತ್ತರಿಸಿ ಹಾಕ್ಬೇಕು ಅಂತಿದೀವಿ.